ತೋರಿಸುವುದು ಪುಣ್ಯವೋ, ಕಾಪಾಡುವುದು ಪುಣ್ಯವೋ?



ನಮ್ಮ ಸನ್ನಿಧಿಯ ಕಚೇರಿಯಲ್ಲಿ ಸೇವಾ ರಶೀದಿ ಬರೆಯುವ ಕೆಲಸ ನನ್ನದು. ಇಪ್ಪತ್ತೇಳು ವರ್ಷದಿಂದ ಅದೇ ಕಿಟಕಿ, ಅದೇ ಮೇಜು. ಕಿಟಕಿಯ ಆಚೆ ನಿಂತವರು ಮೊದಲು ಕೇಳುವುದು ಕುಂಕುಮಾರ್ಚನೆಗೆ ಎಷ್ಟು, ಮಹಾಮಂಗಳಾರತಿ ಎಷ್ಟು ಗಂಟೆಗೆ ಅಂತ. ರಶೀದಿ ಕೈಗೆ ಬಂದ ಮೇಲೆ ಚಿಲ್ಲರೆ ಎಣಿಸುತ್ತಾ ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಸಾರ್, ಇಲ್ಲೇ ಹತ್ತಿರದಲ್ಲಿ ನೋಡೋಕೆ ಇನ್ನೇನಿದೆ?" ಮೊದಲೆಲ್ಲ ಇಷ್ಟೇ ಇತ್ತು. ಈಗ ಹತ್ತು ಹದಿನೈದು ವರ್ಷದಿಂದ ಪ್ರಶ್ನೆ ಸ್ವಲ್ಪ ಬೇರೆಯಾಗಿದೆ. "ಜಾಸ್ತಿ ಜನ ಹೋಗದೇ ಇರೋ ಜಾಗ ಯಾವುದಾದ್ರೂ ಇದ್ರೆ ಹೇಳಿ ಸಾರ್" ಎನ್ನುತ್ತಾರೆ.

ಕೇಳುವುದರಲ್ಲಿ ತಪ್ಪೇನೂ ಇಲ್ಲ. ವರ್ಷವಿಡೀ ಗಲಾಟೆಯಲ್ಲಿ ಬದುಕುವವರಿಗೆ ಒಂದು ಗಳಿಗೆ ಶಾಂತವಾದ ಜಾಗ ಬೇಕು ಅನಿಸುವುದು ಸಹಜ. ಆದರೆ ಯೋಚಿಸಿ ನೋಡಿ. ಜನ ಹೋಗದ ಜಾಗವನ್ನು ನಾನು ದಿನಕ್ಕೆ ಹತ್ತು ಜನರಿಗೆ ಹೇಳಿದರೆ ಅದು ಎಷ್ಟು ದಿನ ಜನ ಹೋಗದ ಜಾಗವಾಗಿ ಉಳಿದೀತು? ಸರಿ, ಹೇಳುವುದೇ ಬೇಡ ಎಂದರೆ, ಭಗವಂತ ಕೊಟ್ಟ ಸೊಬಗನ್ನು ನಾಲ್ಕು ಜನ ಬಚ್ಚಿಟ್ಟುಕೊಂಡು ನೋಡುವುದು ಸ್ವಾರ್ಥ ಅಲ್ಲವೇ? ತೋರಿಸುವುದು ಪುಣ್ಯವೋ, ಕಾಪಾಡುವುದು ಪುಣ್ಯವೋ?

ನಾನು ಪಿಯುಸಿ ಓದಿದವನು. ಶಾಸ್ತ್ರ ನೋಡಿ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ಆದರೆ ಈ ಪ್ರಶ್ನೆಗೆ ಒಮ್ಮೆ ತಪ್ಪು ಉತ್ತರ ಕೊಟ್ಟವನು ನಾನು. ಅದನ್ನೇ ತಮ್ಮ ಮುಂದೆ ಇಡುತ್ತೇನೆ.

ಪ್ರತಿ ವರ್ಷ ಪುತ್ತರಿ ಹಬ್ಬ ಕಳೆದ ಮೇಲೆ ಹೊಸ ಅಕ್ಕಿಯನ್ನೂ ಒಂದು ಬಾಟಲಿ ಜೇನನ್ನೂ ತಂದು ಸನ್ನಿಧಿಗೆ ಒಪ್ಪಿಸುವ ಹಿರಿಯರೊಬ್ಬರಿದ್ದರು. ತಮ್ಮ ಊರಿನ ದೇವಸ್ಥಾನದ ತಕ್ಕರ ಮನೆತನದವರು. ನಾವೆಲ್ಲ ಅವರನ್ನು ತಕ್ಕರೇ ಎಂದೇ ಕರೆಯುತ್ತಿದ್ದೆವು. ಅವರು ನನ್ನನ್ನು ಕರೆಯುತ್ತಿದ್ದದ್ದು ರೈಟ್ರೇ ಅಂತ. ಕೊಡಗಿನ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರಿಗೆ ರೈಟರು ಎನ್ನುವುದು ವಾಡಿಕೆ. ದೇವರ ಲೆಕ್ಕ ಬರೆಯುವವನೂ ಅವರ ಪಾಲಿಗೆ ರೈಟರೇ. ಅವರ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ತಡಿಯಂಡಮೋಳ್ ಬೆಟ್ಟ ಕಾಣುವ ಒಂದು ಊರು ಎಂದರೆ ಸಾಕು. ಯಾಕೆ ಬರೆಯುವುದಿಲ್ಲ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

2012ರ ಡಿಸೆಂಬರ್ ತಿಂಗಳು. "ಇಷ್ಟು ವರ್ಷ ನಾನು ಬಂದದ್ದಾಯ್ತು, ಒಂದು ಸಲ ನೀವು ಬನ್ನಿ" ಎಂದು ತಕ್ಕರು ಕರೆದರು. ಎರಡು ದಿನ ರಜೆ ಹಾಕಿ ಹೋದೆ. ರಾತ್ರಿ ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ, ಬೆಲ್ಲದ ಕಾಫಿ. ಬೆಳಿಗ್ಗೆ ಐದು ಗಂಟೆಗೇ ಎಬ್ಬಿಸಿದರು. ಐನ್ ಮನೆಯ ನೆಲ್ಲಕ್ಕಿ ದೀಪಕ್ಕೆ ಕೈಮುಗಿದು, ಕೈಯಲ್ಲಿ ಒಂದು ಟಾರ್ಚು, ಒಂದು ಕತ್ತಿ ಹಿಡಿದು ಮುಂದೆ ನಡೆದರು. ಮೊದಲು ಅವರ ಕಾಫಿ ತೋಟ, ಅದು ಮುಗಿದ ಮೇಲೆ ಏಲಕ್ಕಿ ಮಲೆ, ಆಮೇಲೆ ಕಣಿವೆಯಲ್ಲಿ ಸೋಲೆ ಕಾಡು. ಕಾಡಿನಿಂದ ಹೊರಗೆ ಬಂದರೆ ಬರೀ ಹುಲ್ಲಿನ ಬೆಟ್ಟ. ಹುಲ್ಲು ಶುರುವಾಗುವ ಕಡೆ ಅವರು ಚಪ್ಪಲಿ ಬಿಟ್ಟರು.

"ಇಲ್ಲಿ ಗುಡಿ ಉಂಟಾ?" ಎಂದು ಕೇಳಿದೆ.

"ಗುಡಿ ಇಲ್ಲ. ಇಲ್ಲಿಂದ ಮೇಲೆ ನಮ್ಮದಲ್ಲ, ಅಷ್ಟೇ."

"ನಿಮ್ಮದಲ್ಲ ಅಂದ್ರೆ ಸರ್ಕಾರದ್ದಾ?"

"ದಾಖಲೆಯಲ್ಲಿ ಸರ್ಕಾರದ್ದು. ಹಿರಿಯರ ಲೆಕ್ಕದಲ್ಲಿ ದೇವರದ್ದು. ಯಾರದ್ದಾದ್ರೂ ಇರ್ಲಿ, ನಮ್ಮದಂತೂ ಅಲ್ಲ."

ನಾನೂ ಚಪ್ಪಲಿ ಬಿಟ್ಟೆ. ಮೇಲೆ ಹೋಗಿ ಕುಳಿತಾಗ ಇನ್ನೂ ಮಬ್ಬು ಬೆಳಕು. ಕೆಳಗಿನ ಕಣಿವೆಯೆಲ್ಲ ಮಂಜಿನಲ್ಲಿ ಮುಳುಗಿತ್ತು. ಹಾಲು ತುಂಬಿದ ಪಾತ್ರೆಯಲ್ಲಿ ಕಲ್ಲು ಇಟ್ಟ ಹಾಗೆ ಬೆಟ್ಟದ ತುದಿಗಳು ಮಾತ್ರ ಹೊರಗೆ. ಪಶ್ಚಿಮಕ್ಕೆ ಕೇರಳದ ಕಡೆಗೆ ಇಳಿಯುವ ಕಾಡು. ಸೂರ್ಯ ಹುಟ್ಟಿದ ಮೇಲೆ ಎಲ್ಲವೂ ಮೆಲ್ಲಗೆ ಬಿಚ್ಚಿಕೊಂಡಿತು. ನನಗೆ ಏನಾದರೂ ಮಾತಾಡಬೇಕು ಅನಿಸುತ್ತಿತ್ತು. ಮೊಬೈಲ್ ತೆಗೆದು ಒಂದು ಫೋಟೋ ಹೊಡೆಯಬೇಕು ಅಂತಲೂ ಅನಿಸಿತು. ತಕ್ಕರು ಅರ್ಧ ಗಂಟೆ ಸುಮ್ಮನೆ ಕುಳಿತಿದ್ದರು. ಆಮೇಲೆ ಎದ್ದು ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು "ಹೋಗುವನಾ?" ಎಂದರು.

ಇಳಿಯುತ್ತಾ ಆ ಜಾಗಕ್ಕೆ ಹೆಸರೇನು ಎಂದು ಕೇಳಿದೆ. "ಹೆಸರಿಟ್ರೆ ಬೋರ್ಡು ಬರ್ತದೆ ರೈಟ್ರೇ" ಎಂದು ನಕ್ಕರು. ಹುಲ್ಲಿನ ಬುಡವನ್ನು ಕೈಯಿಂದ ಸರಿಸಿ ತೋರಿಸಿದರು. ಮಣ್ಣು ಒಂದು ಮೊಳ ಇದ್ದರೆ ಹೆಚ್ಚು, ಅದರ ಕೆಳಗೆ ಬಂಡೆ. ಮಳೆಗಾಲದಲ್ಲಿ ಇನ್ನೂರು ಇಂಚು ಮಳೆ ಬೀಳುವ ಕಡೆ ಆ ಮೊಳ ಮಣ್ಣನ್ನು ಹಿಡಿದುಕೊಂಡಿರುವುದು ಈ ಹುಲ್ಲಿನ ಬೇರು. ನೀರು ಇಲ್ಲಿ ಇಂಗಿ, ಸೋಲೆಯ ಮರಗಳ ಬುಡದಲ್ಲಿ ನಿಂತು, ಬೇಸಿಗೆಯಲ್ಲಿ ಕೆಳಗಿನ ಊರಿನ ತೋಡಿಗೆ ಬರುತ್ತದೆ. "ನಾವು ಕುಡಿಯೋದು ಇದನ್ನೇ" ಎಂದರು.

ಮನೆಗೆ ಬಂದ ಮೇಲೆ ನಾನೇ ಕೇಳಿದೆ, "ಬೇರೆಯವರಿಗೆ ಹೇಳ್ಬಹುದಾ ತಕ್ಕರೇ?"

"ಹೇಳ್ಬೇಡಿ ಅಂತ ನಾನು ಹೇಗೆ ಹೇಳೋದು? ನಾನೇ ನಿಮ್ಗೆ ತೋರಿಸಿದ್ದೇನಲ್ಲ. ಒಂದು ಕೆಲ್ಸ ಮಾಡಿ. ನಿಮ್ಮ ಮನೇಲಿ ಒಂದು ರಾತ್ರಿ ಊಟ ಹಾಕಿ ಮಲಗಿಸಿದವ್ರಿಗೆ ಮಾತ್ರ ಹೇಳಿ."

ತಮಾಷೆ ಅಂದುಕೊಂಡೆ. ತಮಾಷೆಯಲ್ಲ ಎಂದು ತಿಳಿಯಲು ಎರಡು ವರ್ಷ ಬೇಕಾಯಿತು.

ಒಂದು ದಿನ ನಾಲ್ಕೈದು ಹುಡುಗರು ಕಿಟಕಿಗೆ ಬಂದರು. ಬಹಳ ವಿನಯದವರು. ಒಬ್ಬ ತನ್ನ ತಾಯಿಯ ಹೆಸರಿನಲ್ಲಿ ಅರ್ಚನೆ ಮಾಡಿಸಿದ. ಆಮೇಲೆ ಅದೇ ಪ್ರಶ್ನೆ, ಜನ ಹೋಗದ ಜಾಗ. ನನಗೊಂದು ಜಾಗ ಗೊತ್ತು ಎಂಬ ಹೆಮ್ಮೆ ಒಳಗೇ ಕುಳಿತಿತ್ತಲ್ಲ, ಅದು ಬಾಯಿಗೆ ಬಂತು. ಹಳೇ ಕ್ಯಾಲೆಂಡರಿನ ಹಾಳೆಯ ಹಿಂದೆ ದಾರಿಯ ನಕ್ಷೆ ಬರೆದೇ ಕೊಟ್ಟೆ. ಆ ಹುಡುಗನ ತಾಯಿಯ ಹೆಸರು, ನಕ್ಷತ್ರ, ರಾಶಿ ನನಗೆ ಗೊತ್ತಿತ್ತು. ಅವನು ಎಂಥವನು ಎಂದು ಗೊತ್ತಿರಲಿಲ್ಲ.

ಆ ವರ್ಷ ಹೊಸ ಅಕ್ಕಿ ತಂದಾಗ ತಕ್ಕರು ಹೇಳಿದ್ದು ಇಷ್ಟೇ. "ನಿಮ್ಮ ಹೆಸ್ರು ಹೇಳಿಕೊಂಡು ಬಂದಿದ್ರು. ಕಾಫಿ ಕೊಟ್ಟೆ. ಒಳ್ಳೆ ಹುಡುಗ್ರು." ಅದು ನಿಜ ಕೂಡ. ಆ ಹುಡುಗರು ಒಂದು ಪೊಟ್ಟಣವನ್ನೂ ಅಲ್ಲಿ ಬಿಸಾಕಿರಲಿಲ್ಲ. ಆದರೆ ಊರಿಗೆ ಹೋಗಿ ಫೋಟೋ ತೋರಿಸಿದರು, ದಾರಿ ಹೇಳಿದರು. ಅವರ ಹೆಸರು ಹೇಳಿಕೊಂಡು ಇನ್ನೊಂದು ತಂಡ ಬಂತು. ಮೂರನೇ ತಂಡ ಯಾರ ಹೆಸರೂ ಹೇಳಲಿಲ್ಲ, ಮನೆಗೂ ಬರಲಿಲ್ಲ, ನೇರ ಮೇಲೆ ಹೋಯಿತು. ಆಮೇಲೆ ಲೆಕ್ಕ ಇಟ್ಟವರಿಲ್ಲ.

2015ರ ಫೆಬ್ರವರಿಯಲ್ಲಿ ಯಾರೋ ರಾತ್ರಿ ಚಳಿಗೆ ಬೆಂಕಿ ಹಾಕಿಕೊಂಡರು. ಆ ತಿಂಗಳಲ್ಲಿ ಹುಲ್ಲು ಒಣಗಿ ಕಾಗದದ ಹಾಗೆ ಇರುತ್ತದೆ. ಬೆಂಕಿ ಹತ್ತಿದ್ದು ಕಂಡು ಊರಿನವರೆಲ್ಲ ಹಸಿ ಸೊಪ್ಪು ಕಡಿದುಕೊಂಡು ಓಡಿದರು. ಎರಡು ಗಂಟೆ ರಾತ್ರಿವರೆಗೂ ಬಡಿದು ಬಡಿದು ಆರಿಸಿದರು. ಸೋಲೆಯ ಅಂಚು ಸುಟ್ಟಿತು. ಕತ್ತಲಲ್ಲಿ ಬಂಡೆಯ ಮೇಲೆ ಕಾಲು ಜಾರಿ ತಕ್ಕರ ಸೊಂಟದ ಮೂಳೆ ಮುರಿಯಿತು. ಆಗ ಅವರಿಗೆ ಎಪ್ಪತ್ತೆರಡು.

ನಾನು ನೋಡಲು ಹೋದಾಗ ಮಂಚದ ಮೇಲಿದ್ದರು. ಎದುರಿಗೆ ನಿಂತು ಮಾತಾಡಲು ನನಗೆ ಬಾಯಿ ಬರಲಿಲ್ಲ. "ನಾನು ಹೇಳ್ಬಾರ್ದಿತ್ತು ತಕ್ಕರೇ, ತಪ್ಪಾಯ್ತು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೇಳಿದ್ದು ತಪ್ಪಲ್ಲ ರೈಟ್ರೇ. ಜೊತೆಗೆ ಬರದೇ ಇದ್ದದ್ದು ತಪ್ಪು."

ಆ ಮಾತನ್ನು ಹತ್ತು ವರ್ಷದಿಂದ ಯೋಚಿಸುತ್ತಾ ಇದ್ದೇನೆ.

ನನ್ನ ವಿರುದ್ಧ ವಾದ ಮಾಡುವವರೂ ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಒಮ್ಮೆ ಬೆಂಗಳೂರಿನ ಒಬ್ಬರು ಕಿಟಕಿಯಲ್ಲೇ ಕೇಳಿದರು, "ಬೆಟ್ಟ ಏನು ಕೊಡಗಿನವರದ್ದು ಮಾತ್ರಾನಾ? ನಾನು ದಿನಾ ಕುಡಿಯೋದು ಇಲ್ಲಿಂದ ಹರಿದು ಬರೋ ನೀರೇ." ಸತ್ಯವಾದ ಮಾತು. ತೊರೆಕಾಡನಹಳ್ಳಿಯಿಂದ ಪಂಪ್ ಮಾಡಿ ಬೆಂಗಳೂರಿಗೆ ಕೊಡುವುದು ಕಾವೇರಿಯ ನೀರನ್ನೇ. ಮಂಡ್ಯದ ಗದ್ದೆಯವರು, ತಂಜಾವೂರಿನವರು, ಎಲ್ಲರ ಅನ್ನವೂ ಈ ಬೆಟ್ಟಗಳಿಂದ ಇಳಿದದ್ದೇ. ಹೀಗಿರುವಾಗ ಬೆಟ್ಟ ನೋಡುವ ಹಕ್ಕು ಬೆಟ್ಟದ ಬುಡದಲ್ಲಿರುವವರಿಗೆ ಮಾತ್ರ ಎನ್ನುವುದು ನ್ಯಾಯವಲ್ಲ.

ಇನ್ನು ಕೆಡಿಸುವವರೆಲ್ಲ ಹೊರಗಿನವರು ಎಂಬುದೂ ಸುಳ್ಳು. 2000ದ ಆಚೆ ಈಚೆ ಕಾಫಿ ದರ ಬಿದ್ದು ಹೋದಾಗ ಬೆಳೆಗಾರರ ಕೈ ಹಿಡಿದವುಗಳಲ್ಲಿ ಹೋಂಸ್ಟೇಯೂ ಒಂದು. ಮಡಿಕೇರಿಯ ಹತ್ತಿರದ ಮಾಂದಲಪಟ್ಟಿಯನ್ನು ನೋಡಿ. ಪುಷ್ಪಗಿರಿ ಅಭಯಾರಣ್ಯದ ಅಂಚಿನ ಹುಲ್ಲುಬೆಟ್ಟ ಅದು. ದನ ಮೇಯಿಸುವವರನ್ನು ಬಿಟ್ಟರೆ ಹೋಗುವವರು ಕಡಿಮೆ ಇದ್ದರು. 2008ರಲ್ಲಿ ಯೋಗರಾಜ ಭಟ್ಟರ ಗಾಳಿಪಟ ಸಿನಿಮಾ ಬಂತು, ಅದರಲ್ಲಿ ಮುಗಿಲುಪೇಟೆ ಎಂದು ತೋರಿಸಿದ್ದು ಇದನ್ನೇ. ಆಮೇಲೆ ಜೀಪುಗಳ ಸಾಲು. ಆ ಜೀಪು ಓಡಿಸುವವರು ನಮ್ಮದೇ ಹುಡುಗರು, ಅವರ ಮನೆಯ ಒಲೆ ಉರಿಯುವುದು ಅದರಿಂದ. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಸಿನಿಮಾದವರನ್ನೂ ಬೈಯುವುದಿಲ್ಲ, ಅವರು ಚೆಂದ ಕಂಡದ್ದನ್ನು ಚೆಂದವಾಗಿ ತೋರಿಸಿದರು. ಆದರೆ ಬೆಟ್ಟದ ಪರವಾಗಿ ಬಂದವರನ್ನು ಎದುರುಗೊಂಡು "ಬನ್ನಿ, ಇಲ್ಲಿ ಹೀಗೆ ಇರಬೇಕು" ಎಂದು ಹೇಳುವವರು ಮೊದಲು ಯಾರೂ ಇರಲಿಲ್ಲ. ನೋಡುವವರು ಸಾವಿರವಾದರು, ಜೊತೆಗಿದ್ದು ತೋರಿಸುವವರು ಇಲ್ಲದೇ ಹೋದರು.

2018ರ ಆಗಸ್ಟ್ ಮಳೆಗೆ ಅದೇ ದಿಕ್ಕಿನ ಮಕ್ಕಂದೂರು, ಮುಕ್ಕೋಡ್ಲು, ಕಾಲೂರಿನ ಕಡೆ ಬೆಟ್ಟಗಳು ಜಾರಿ ಬಂದವು. ಮನೆ, ತೋಟ, ಗದ್ದೆ ಎಲ್ಲ ಮಣ್ಣಿನಡಿ ಹೋದವರಿದ್ದಾರೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯೇ ಹೋಯಿತು, ಐದು ಜನ ಮಣ್ಣಿನ ಪಾಲಾದರು. ಇದೆಲ್ಲ ಬೆಟ್ಟ ನೋಡಲು ಬಂದವರಿಂದ ಆಯಿತು ಎಂದು ಹೇಳಿದರೆ ಅದು ಪಾಪ. ಸುರಿದದ್ದು ಸಾಮಾನ್ಯ ಮಳೆಯಲ್ಲ. 2018ರ ಅನಾಹುತಕ್ಕೆ ರಸ್ತೆಗೆ, ಮನೆಗೆ ಎಂದು ಇಳಿಜಾರು ಕಡಿದದ್ದೂ ಒಂದು ಕಾರಣ ಎಂದು ಭೂವಿಜ್ಞಾನಿಗಳು ಹೇಳಿದರು. ಹಾಗೆ ಕಡಿದವರಲ್ಲಿ ನಾವೂ ಇದ್ದೇವೆ. ಬೆಟ್ಟ ಎಂದರೆ ಗಟ್ಟಿ, ಏನು ಮಾಡಿದರೂ ತಡೆಯುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಉಂಟಲ್ಲ. ಹತ್ತಿರ ಹೋದರೆ ಕಲ್ಲು ಮುಳ್ಳು ಎಂದು ಅದರ ಅರ್ಥ. ಇನ್ನೂ ಹತ್ತಿರ ಹೋಗಿ ಹುಲ್ಲಿನ ಬುಡ ಸರಿಸಿ ನೋಡಿದರೆ ಬೆಟ್ಟವೂ ಬಡಪಾಯಿಯೇ, ಒಂದು ಮೊಳ ಮಣ್ಣು.

ಹಾಗಾದರೆ ದಾರಿ ಯಾವುದು? ನಮ್ಮ ನಾಡಿನ ಕಥೆಯೊಂದನ್ನೇ ನೆನಪು ಮಾಡಿಕೊಳ್ಳೋಣ. ಅಗಸ್ತ್ಯ ಋಷಿಗಳು ಕಾವೇರಿಯನ್ನು ಮದುವೆಯಾದಾಗ ಆ ತಾಯಿ ಹಾಕಿದ ಷರತ್ತು ಒಂದೇ, ತನ್ನನ್ನು ಒಂಟಿಯಾಗಿ ಬಿಟ್ಟು ಹೋಗಬಾರದು. ಒಂದು ದಿನ ಋಷಿಗಳು ಅವಳನ್ನು ಕಮಂಡಲದಲ್ಲಿಟ್ಟು, ಶಿಷ್ಯರಿಗೆ ಕಾಯಲು ಹೇಳಿ, ಕನಕೆ ನದಿಗೆ ಸ್ನಾನಕ್ಕೆ ಹೋದರು. ತಾಯಿ ಉಕ್ಕಿ ಹರಿದಳು. ಈ ಕಥೆಯಲ್ಲಿ ಎರಡು ನೀತಿ ಇದೆ ಎಂದು ನನಗೆ ತೋರುತ್ತದೆ. ಲೋಕಕ್ಕೆ ಬೇಕಾದದ್ದನ್ನು ಕಮಂಡಲದಲ್ಲಿ ಮುಚ್ಚಿಡಲು ಮಹರ್ಷಿಗಳಿಂದಲೂ ಆಗಲಿಲ್ಲ, ಇದು ಒಂದು. ಅವಳು ಬೇಡ ಎಂದದ್ದು ಒಂಟಿಯಾಗಿ ಬಿಡುವುದನ್ನು, ಇದು ಇನ್ನೊಂದು. ಇಂದಿಗೂ ತುಲಾ ಸಂಕ್ರಮಣದ ದಿನ ತೀರ್ಥ ಸಾವಿರಾರು ಜನರಿಗೆ ಸಿಗುತ್ತದೆ, ಬಿಂದಿಗೆಯಲ್ಲಿ ಬಾಟಲಿಯಲ್ಲಿ ಊರೂರಿಗೆ ಹೋಗುತ್ತದೆ. ಆದರೆ ತೀರ್ಥ ಹುಟ್ಟುವ ಆ ಪುಟ್ಟ ಕುಂಡಿಕೆಗೆ ಯಾರೂ ಕಾಲಿಡುವುದಿಲ್ಲ. ಅದರ ಬಳಿ ಅರ್ಚಕರು ಇರುತ್ತಾರೆ. ಹರಿಯುವುದು ಎಲ್ಲರಿಗೂ, ಹುಟ್ಟುವ ಜಾಗಕ್ಕೆ ಕಾವಲು.

ದೇವರಕಾಡುಗಳದ್ದೂ ಇದೇ ರೀತಿ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಒಣಗಿದ ಕಡ್ಡಿಯನ್ನೂ ತರಬಾರದು ಎಂದು ಹಿರಿಯರು ಕಟ್ಟು ಮಾಡಿದ್ದರು. ಹಾಗೆಂದು ಅವು ಮುಚ್ಚಿಟ್ಟ ಕಾಡುಗಳಲ್ಲ. ಹಬ್ಬದ ದಿನ ಊರಿಗೆ ಊರೇ ಒಳಗೆ ಹೋಗುತ್ತದೆ, ನೆಂಟರೂ ಹೋಗುತ್ತಾರೆ. ಕರೆದುಕೊಂಡು ಹೋಗಲು ತಕ್ಕರಿದ್ದಾರೆ, ಹೋಗಲು ಒಂದು ದಿನ ಇದೆ, ಒಳಗೆ ಹೇಗಿರಬೇಕು ಎಂಬ ರೀತಿ ಇದೆ. ಕಟ್ಟು ಸಡಿಲವಾದ ಕಡೆ ಒತ್ತುವರಿಯಾಗಿ ಕಾಡು ಕಿರಿದಾಗಿದೆ, ಅದನ್ನೂ ಒಪ್ಪಿಕೊಳ್ಳಬೇಕು. ಕಟ್ಟು ಉಳಿದ ಕಡೆ ಕಾಡು ಉಳಿದಿದೆ.

ಎಲ್ಲರಿಗೂ ತಕ್ಕರ ಮನೆಯ ಪರಿಚಯ ಇರುತ್ತದೆಯೇ ಎಂದು ತಾವು ಕೇಳಬಹುದು. ಬಸ್ಸಿನಲ್ಲಿ ಬಂದು ಸಂಜೆಯೇ ಹೊರಡುವವರು ಏನು ಮಾಡಬೇಕು? ಮಂಡಿ ನೋವಿನ ಅಜ್ಜಿ ಬೆಟ್ಟ ಹತ್ತುವುದು ಹೇಗೆ? ಅದಕ್ಕೇ ಎಲ್ಲರಿಗೂ ತೆರೆದ ಜಾಗಗಳು ಬೇಕು. ಮಡಿಕೇರಿಯ ರಾಜಾಸೀಟು ಇದೆ. ಒಂದು ಕಾಲದಲ್ಲಿ ಕೊಡಗಿನ ಅರಸರು ಕುಳಿತು ಸಂಜೆಯ ಸೂರ್ಯನನ್ನು ನೋಡುತ್ತಿದ್ದ ಜಾಗ. ಈಗ ಉದ್ಯಾನವಾಗಿದೆ, ಕೂರಲು ಜಾಗ ಇದೆ, ಬೇಲಿ ಇದೆ, ಕಾವಲಿನವರಿದ್ದಾರೆ. ಅರಸರ ಕಣ್ಣಿಗೆ ಬಿದ್ದ ಅದೇ ಬೆಟ್ಟಸಾಲು ಮಂಡಿ ನೋವಿನ ಅಜ್ಜಿಗೂ ಕಾಣುತ್ತದೆ. ಇದಕ್ಕಿಂತ ಒಳ್ಳೆಯದು ಏನು ಬೇಕು? ಜನ ಹೆಚ್ಚು ಇದ್ದಾರೆ ಎಂದು ಆ ಜಾಗವನ್ನು ಕೀಳಾಗಿ ನೋಡಬಾರದು. ನಮ್ಮ ಗುಡಿಯಲ್ಲೂ ಜನ ಹೆಚ್ಚೇ ಇರುತ್ತಾರೆ, ದೇವರೇನು ಕಡಿಮೆಯಾಗುತ್ತಾನೆಯೇ? ಯಾರೂ ನೋಡದ್ದನ್ನು ನಾನು ನೋಡಬೇಕು ಎಂಬ ಆಸೆ ಉಂಟಲ್ಲ, ಅದು ಬೆಟ್ಟದ ಮೇಲಿನ ಭಕ್ತಿಯಲ್ಲ, ನಮ್ಮ ಮೇಲಿನ ಭಕ್ತಿ. ನಕ್ಷೆ ಬರೆದು ಕೊಟ್ಟ ದಿನ ನನ್ನೊಳಗೂ ಇದ್ದದ್ದು ಅದೇ. ಯಾರಿಗೂ ಗೊತ್ತಿಲ್ಲದ್ದು ನನಗೆ ಗೊತ್ತು ಎಂಬುದು.

ಗುಡಿಯಲ್ಲಿ ದರ್ಶನ ಹೇಗಾಗುತ್ತದೆ ಎಂದು ನೆನಪು ಮಾಡಿಕೊಳ್ಳಿ. ಕತ್ತಲ ಗರ್ಭಗುಡಿಯಲ್ಲಿ ಮಂಗಳಾರತಿ ಎತ್ತಿ ತೋರಿಸುವವರು ಒಬ್ಬರು ಇರುತ್ತಾರೆ. ನಾವು ಹೊಸ್ತಿಲ ಈಚೆ ನಿಂತು ನೋಡುತ್ತೇವೆ, ಕೈಮುಗಿಯುತ್ತೇವೆ, ಹಿಂದೆ ನಿಂತವರಿಗೆ ಜಾಗ ಬಿಟ್ಟು ಸರಿಯುತ್ತೇವೆ. ಬೆಟ್ಟದ ಮೇಲೆ ತಕ್ಕರು ಮಾಡಿದ್ದೂ ಅದನ್ನೇ. ತೋರಿಸುವುದು ಎಂದರೆ ದಾರಿ ಹೇಳಿ ಕಳಿಸುವುದಲ್ಲ, ಜೊತೆಗೆ ಹೋಗಿ ಜೊತೆಗೇ ವಾಪಸು ಬರುವುದು. ಜೊತೆಗೆ ಹೋಗಲು ಆಗದಿದ್ದರೆ ಬಾಯಿ ಮುಚ್ಚಿಕೊಂಡಿರುವುದೇ ಲೇಸು. ಕಾಪಾಡುವುದೂ ತೋರಿಸುವುದೂ ಬೇರೆ ಬೇರೆ ಪುಣ್ಯ ಎಂದುಕೊಂಡಿದ್ದೆ. ಜೊತೆಗೆ ಹೋಗುವವನಿಗೆ ಎರಡೂ ಒಂದೇ.

ಹೋಂಸ್ಟೇ ನಡೆಸುವ ನಮ್ಮ ಜಿಲ್ಲೆಯವರಿಗೂ ಒಂದು ಮಾತು. ಅತಿಥಿಗೆ ರೂಮಿನ ಬೀಗದ ಕೈ ಕೊಟ್ಟ ಹಾಗೆ ಬೆಟ್ಟದ ದಾರಿಯನ್ನೂ ಕೊಟ್ಟುಬಿಡಬೇಡಿ. ನಿಮ್ಮಲ್ಲಿ ಒಬ್ಬರು ಜೊತೆಗೆ ಹೋಗಿ. ಹೋಗಲು ಪುರುಸೊತ್ತು ಇಲ್ಲದಿದ್ದರೆ "ಈ ಸಲ ಆಗಲ್ಲ" ಎನ್ನಿ. ಬಂದವರು ಬೇಜಾರು ಮಾಡಿಕೊಂಡರೆ ಒಂದು ದಿನದ ಬೇಜಾರು.

ಈಗ ಕಿಟಕಿಯಲ್ಲಿ ಯಾರಾದರೂ ಜನ ಹೋಗದ ಜಾಗ ಕೇಳಿದರೆ ನಾನು ಒಂದು ಪ್ರಶ್ನೆ ವಾಪಸು ಕೇಳುತ್ತೇನೆ. "ನೀವು ಯಾರ ಮನೆಯಲ್ಲಿ ಇಳಿದಿದ್ದೀರಿ?" ಯಾರದ್ದಾದರೂ ಹೆಸರು ಹೇಳಿದರೆ "ಅವರನ್ನೇ ಕೇಳಿ. ಅವರು ಜೊತೆಗೆ ಬಂದ್ರೆ ಹೋಗಿ, ಬೇಡ ಅಂದ್ರೆ ಅದಕ್ಕೊಂದು ಕಾರಣ ಇರ್ತದೆ" ಎನ್ನುತ್ತೇನೆ. ಎಲ್ಲೂ ಇಳಿದಿಲ್ಲ ಎಂದವರಿಗೆ ನಮ್ಮ ಗುಡಿಯ ಮೆಟ್ಟಿಲನ್ನೇ ತೋರಿಸುತ್ತೇನೆ. ಬೆಳಿಗ್ಗೆ ಆರು ಗಂಟೆಗೆ ಬಂದು ಅರ್ಧ ಗಂಟೆ ಮಾತಾಡದೆ ಕುಳಿತರೆ ಇಲ್ಲಿಂದಲೂ ಮಂಜು ಕಾಣುತ್ತದೆ. ಕೆಲವರು ನಗುತ್ತಾರೆ. ಕೆಲವರು ನಿಜವಾಗಿಯೂ ಬಂದು ಕೂರುತ್ತಾರೆ.

ತಕ್ಕರು ಆಮೇಲೆ ಬೆಟ್ಟ ಹತ್ತಲಿಲ್ಲ. ಕೋಲು ಹಿಡಿದು ಅಂಗಳದವರೆಗೆ ಬರುತ್ತಿದ್ದರು. "ಬೆಟ್ಟ ಎಲ್ಲೂ ಹೋಗ್ಲಿಲ್ಲ ರೈಟ್ರೇ, ನಾನು ಹೋಗೋದು ನಿಂತಿತು, ಅಷ್ಟೇ" ಎನ್ನುತ್ತಿದ್ದರು. ಈಗ ಅವರಿಲ್ಲ. ಪುತ್ತರಿ ಕಳೆದ ಮೇಲೆ ಹೊಸ ಅಕ್ಕಿ ತರುವುದು ಅವರ ಮಗ. ಕಳೆದ ಸಲ ಬಂದಾಗ, ಹುಲ್ಲು ಪೂರ್ತಿ ಬಂದಿದೆ, ಸುಟ್ಟ ಕಡೆ ಸೋಲೆಯ ಮರ ಇನ್ನೂ ಎದ್ದಿಲ್ಲ ಎಂದು ಹೇಳಿದ. "ಒಂದು ಸಲ ಬನ್ನಿ, ಕರ್ಕೊಂಡು ಹೋಗ್ತೇನೆ" ಎಂದೂ ಹೇಳಿದ. ನಾನಿನ್ನೂ ಹೋಗಿಲ್ಲ. ಮುಂದಿನ ಪುತ್ತರಿಗೆ ಹೋಗಬೇಕು ಎಂದಿದ್ದೇನೆ, ಮೊದಲು ಒಂದು ರಾತ್ರಿ ಅವನು ನಮ್ಮ ಮನೆಯಲ್ಲಿ ಊಟ ಮಾಡಿ ಮಲಗಿದ ಮೇಲೆ.

ಸರ್ವರಿಗೂ ಒಳ್ಳೆಯದಾಗಲಿ. ತಮ್ಮ ಪ್ರಯಾಣ ಸುಖಕರವಾಗಲಿ.